ಮನೆಯಲ್ಲೇ ಓದಿಸಬೇಕೆಂದಿದ್ದೇವೆ: ಟಿ.ಸಿ., ಬೋರ್ಡು, ಸತ್ಯವೇದ ಪಾಠ, ಕನ್ನಡ ಎಲ್ಲ ಹೇಗೆ?

ಪ್ರಶ್ನೆ: ಸಕಲೇಶಪುರ_ಅಮ್ಮ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಮ್ಮದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟೆಂಟ್) ಸಭೆಯ ಕುಟುಂಬ, ಮನೆಮಾತು ಕನ್ನಡ. ದೊಡ್ಡವಳಿಗೆ 9 ವರ್ಷ, ಇಂಗ್ಲಿಷ್ ಮೀಡಿಯಂ ನಾಲ್ಕನೇ ತರಗತಿ ಮುಗಿಸುತ್ತಿದ್ದಾಳೆ. ಎರಡನೆಯವನಿಗೆ 6, ಈ ವರ್ಷ ಒಂದನೇ ತರಗತಿಗೆ ಸೇರಬೇಕಾದವನು. ಕೊನೆಯದಕ್ಕೆ ಎರಡೂವರೆ. ಜೂನ್‌ನಿಂದ ದೊಡ್ಡವರಿಬ್ಬರನ್ನೂ ಮನೆಯಲ್ಲೇ ಓದಿಸಬೇಕೆಂದು ನಾವಿಬ್ಬರೂ ಪ್ರಾರ್ಥನೆ ಮಾಡಿ ತೀರ್ಮಾನಿಸಿದ್ದೇವೆ. ಮಕ್ಕಳು ದೇವರ ವಾಕ್ಯದಲ್ಲಿ ಬೆಳೆಯಬೇಕು ಅನ್ನುವುದು ಮುಖ್ಯ ಕಾರಣ.

ಕೇಳಬೇಕಾದ್ದು ಇಷ್ಟು. ಕಾನೂನಿನ ಪ್ರಕಾರ ಯಾರ ಹತ್ತಿರವಾದರೂ ಅನುಮತಿ ತಗೊಳ್ಳಬೇಕಾ? ಟಿ.ಸಿ. ತಗೊಂಡರೆ ಮುಂದೆ ತೊಂದರೆ ಆಗುತ್ತದಾ? ಹತ್ತನೇ ತರಗತಿ ಪರೀಕ್ಷೆ ಎಲ್ಲಿಂದ ಬರೆಸುವುದು? ಅಮೆರಿಕದ ಒಂದು ಕ್ರಿಶ್ಚಿಯನ್ ಹೋಮ್‌ಸ್ಕೂಲ್ ಪುಸ್ತಕಗಳ ಸೆಟ್ಟು ಪರಿಚಯದವರಿಂದ ಸಿಕ್ಕಿದೆ, ಗ್ರೇಡ್ 1 ಮತ್ತು 5. ಅದೊಂದೇ ಸಾಕಾಗುತ್ತದಾ? ಮತ್ತೆ, ಒಬ್ಬಳೇ ಕೂತು ಮೂವರನ್ನು ಸುಧಾರಿಸುವುದು ಹೇಗೆ? ತಿಳಿದವರು ವಿವರವಾಗಿ ಬರೆಯಿರಿ.

ಉತ್ತರ 1: ಮುಕ್ತಶಾಲೆ_ಧಾರವಾಡ

ಸಿಸ್ಟರ್, ಮೊದಲು ಕಾನೂನು. ಈ ವಿಷಯದಲ್ಲಿ ಕೆಲವರಿಗೆ ಬೇಡದ ಭಯ, ಕೆಲವರಿಗೆ ಬೇಡದ ಧೈರ್ಯ.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ದಂಡ ಇಟ್ಟಿಲ್ಲ. ಮನೆಶಿಕ್ಷಣದ ಪ್ರಸ್ತಾಪವೇ ಅದರಲ್ಲಿ ಇಲ್ಲ. ಹಾಗಾಗಿ ಅನುಮತಿ ಕೊಡುವ ಕಚೇರಿಯೂ ಇಲ್ಲ, ಅರ್ಜಿ ನಮೂನೆಯೂ ಇಲ್ಲ. ಯಾರಾದರೂ ದುಡ್ಡು ತಗೊಂಡು ‘ಹೋಮ್‌ಸ್ಕೂಲ್ ಪರ್ಮಿಷನ್’ ಮಾಡಿಸಿಕೊಡುತ್ತೇವೆ ಅಂದರೆ ಕೊಡಬೇಡಿ. ರಾಜ್ಯದ 1983ರ ಶಿಕ್ಷಣ ಕಾಯ್ದೆಯಲ್ಲೂ ಕಡ್ಡಾಯ ಶಿಕ್ಷಣದ ಮಾತಿದೆ. ಆದ್ದರಿಂದ ಲಿಖಿತ ನೋಟಿಸ್ ಬಂದರೆ ಸುಮ್ಮನಿರದೆ ಲಿಖಿತವಾಗಿಯೇ ಉತ್ತರ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ನೋಟಿಸ್‌ಗಿಂತ ಮೊದಲು ಮನೆಗೆ ಬರುವವರು ಸಿ.ಆರ್.ಪಿ. (ಶಿಕ್ಷಣ ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅಥವಾ ಪಕ್ಕದ ಸರ್ಕಾರಿ ಶಾಲೆಯ ಮೇಷ್ಟ್ರು, ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ. ಅವರ ಕೆಲಸ ಬಾಲಕಾರ್ಮಿಕತೆ, ಬಾಲ್ಯವಿವಾಹ ತಡೆಯುವುದಕ್ಕೂ ಸೇರಿದ್ದು, ಒಳ್ಳೆಯ ಕೆಲಸ. ವಾದಕ್ಕೆ ಇಳಿಯದೆ ಒಳಗೆ ಕರೆದು ಫೈಲು ತೋರಿಸಿ. ಫೈಲಿನಲ್ಲಿ ಇರಬೇಕಾದ್ದು: ದಿನಚರಿ ಪುಸ್ತಕ (ತಾರೀಖು, ವಿಷಯ, ಪುಟ, ಒಂದು ಸಾಲಿನ ಟಿಪ್ಪಣಿ), ಪ್ರತಿ ತಿಂಗಳು ಪ್ರತಿ ವಿಷಯಕ್ಕೆ ಮೂರು ಬರವಣಿಗೆ ಮಾದರಿ, ಮೇಲೆ ತಾರೀಖು. ಆಮೇಲೆ ಕೂತು ಒಂದೇ ದಿನ ಆರು ತಿಂಗಳ ದಿನಚರಿ ತುಂಬಿದರೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಅಂದಂದೇ ಬರೆಯಿರಿ. ಎಷ್ಟು ಹೊತ್ತು ಓದಿಸಬೇಕು ಅನ್ನುವುದಕ್ಕೆ ಅದೇ ಕಾಯ್ದೆಯ ಅನುಸೂಚಿ ಅಳತೆ ಕೊಡುತ್ತದೆ: 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ. 6ರಿಂದ 8ಕ್ಕೆ 220 ದಿನ, 1000 ಗಂಟೆ. ಆಟ, ಕೈಕೆಲಸ, ಅಡುಗೆ, ತೋಟ ಎಲ್ಲ ಲೆಕ್ಕಕ್ಕೆ ಹಿಡಿದರೆ ಮನೆಯಲ್ಲಿ ಇದು ಕಷ್ಟವಲ್ಲ.

ಇನ್ನೊಂದು ಎಚ್ಚರಿಕೆ. ಸಭೆಯ ನಾಲ್ಕೈದು ಕುಟುಂಬಗಳು ಸೇರಿ, ಒಂದು ಕೋಣೆ ಹಿಡಿದು, ಟೀಚರ್ ಇಟ್ಟು, ಫೀಸು ಕೂಡಿಸಿ ದಿನವೂ ಪಾಠ ಶುರು ಮಾಡುವುದುಂಟು. ಆಗ ಅದು ಮಾನ್ಯತೆ ಇಲ್ಲದ ಶಾಲೆ ಅನ್ನಿಸಿಕೊಳ್ಳಬಹುದು. ಅದಕ್ಕೆ 18ನೇ ಕಲಂನಲ್ಲಿ ಒಂದು ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ ಹತ್ತು ಸಾವಿರದವರೆಗೆ. ವಾರಕ್ಕೊಮ್ಮೆ ಮಕ್ಕಳು ಒಟ್ಟಿಗೆ ಸೇರಿ ಪ್ರಯೋಗ ಮಾಡುವುದು, ಹಾಡುವುದು ಬೇರೆ ಮಾತು. ಪಕ್ಕದ ಮನೆಯ ಬೇರೆ ಧರ್ಮದ ಮಕ್ಕಳು ಟ್ಯೂಷನ್‌ಗೆ ಬರುತ್ತಿದ್ದರೆ ಅವರನ್ನು ಸತ್ಯವೇದ ಪಾಠಕ್ಕೆ ಕೂರಿಸಬೇಡಿ, ಎರಡರ ಹೊತ್ತನ್ನೇ ಬೇರೆ ಇಡಿ.

ಟಿ.ಸಿ.: ವಾರ್ಷಿಕ ಫಲಿತಾಂಶ ಬಂದು ‘ನಾಲ್ಕನೇ ತರಗತಿ ತೇರ್ಗಡೆ’ ಎಂದು ದಾಖಲಾದ ಮೇಲೆಯೇ ತಗೊಳ್ಳಿ. ಕೈಗೆ ಬಂದ ಕೂಡಲೇ ಸ್ಯಾಟ್ಸ್ ನಂಬರ್ (ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ), ಹುಟ್ಟಿದ ತಾರೀಖು ಅಂಕಿ ಮತ್ತು ಅಕ್ಷರ ಎರಡರಲ್ಲೂ, ಹೆಸರಿನ ಕಾಗುಣಿತ, ಧರ್ಮ ಮತ್ತು ಜಾತಿ ಕಾಲಂ ನೋಡಿ. ನಮ್ಮ ಕುಟುಂಬಗಳಲ್ಲಿ ಹೆಸರಿನದೇ ದೊಡ್ಡ ತಲೆನೋವು: ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಒಂದು, ಜನನ ಪತ್ರದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಕರೆಯುವ ಹೆಸರು, ಇನಿಷಿಯಲ್ ಹಿಂದೊಮ್ಮೆ ಮುಂದೊಮ್ಮೆ. ಶಾಲೆಯಲ್ಲಿದ್ದರೆ ಇದನ್ನೆಲ್ಲ ಗುಮಾಸ್ತರು ಹೇಗೋ ಸರಿದೂಗಿಸುತ್ತಾರೆ. ಮನೆಯಲ್ಲಿ ಓದಿದ ಮಗು ನೇರವಾಗಿ ಬೋರ್ಡಿನ ಅರ್ಜಿ ತುಂಬುವಾಗ ಒಂದಕ್ಷರ ತಪ್ಪಿದರೂ ತಡೆಯುತ್ತದೆ. ಜನನ ಪತ್ರವನ್ನೇ ಮೂಲವಾಗಿಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಜನನ ಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿದ್ದರೆ ಈಗಲೇ ಸೇರಿಸಿಸಿ.

ಮಗನಿಗೆ ಶಾಲೆಯ ದಾಖಲೆಯೇ ಇರುವುದಿಲ್ಲ. ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಟಿ.ಸಿ. ಕೇಳುತ್ತಾರೆ. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು 3ಬಿಯಲ್ಲಿ, ಪರಿಶಿಷ್ಟ ಜಾತಿಯಿಂದ ಮತಾಂತರಗೊಂಡವರು ಪ್ರವರ್ಗ 1ರಲ್ಲಿ ಬರುತ್ತಾರೆ. ತಂದೆಯ ಶಾಲಾ ದಾಖಲೆ, ಹಳೆಯ ಜಾತಿ ಪ್ರಮಾಣಪತ್ರದ ನಕಲು ತೆಗೆದಿಟ್ಟರೆ ಆಗ ಅನುಕೂಲ.

ಹತ್ತನೇ ತರಗತಿಗೆ ನೇರ ದಾರಿ ಎನ್.ಐ.ಒ.ಎಸ್., ಅಂದರೆ ರಾಷ್ಟ್ರೀಯ ಮುಕ್ತ ವಿದ್ಯಾಲಯ. 1989ರಲ್ಲಿ ಶುರುವಾದದ್ದು, ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿನ ಬೋರ್ಡು, ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರ ಇದೆ. 14 ವರ್ಷ ತುಂಬಿರಬೇಕು. ಎಂಟನೇ ತರಗತಿ ಪ್ರಮಾಣಪತ್ರ ಇಲ್ಲದಿದ್ದರೆ, ಈ ಕೋರ್ಸಿಗೆ ಬೇಕಾದಷ್ಟು ಓದಿದ್ದೇನೆ ಎಂಬ ಸ್ವಯಂಘೋಷಣೆ ನಡೆಯುತ್ತದೆ. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ, ಹೆಚ್ಚೆಂದರೆ ಎರಡು ಭಾಷೆ. ಕನ್ನಡವೂ ಭಾಷಾ ವಿಷಯವಾಗಿ ಇದೆ. ಪಾಸಿಗೆ 33. ನೋಂದಣಿ ಐದು ವರ್ಷ ನಡೆಯುತ್ತದೆ, ಒಂದು ಸಲಕ್ಕೆ ಎರಡು ವಿಷಯ ಬರೆದು ಉಳಿದದ್ದನ್ನು ಮುಂದಿನ ಸಲ ಬರೆಯಬಹುದು. ಪರೀಕ್ಷೆ ವರ್ಷಕ್ಕೆರಡು, ಏಪ್ರಿಲ್‌-ಮೇ ಮತ್ತು ಅಕ್ಟೋಬರ್‌-ನವೆಂಬರ್.

ಇಲ್ಲಿ ಎಡವುವುದು ಎರಡು ಕಡೆ. ಟಿ.ಎಂ.ಎ. ಅನ್ನುವ ಮನೆಕೆಲಸಕ್ಕೆ ಶೇ 20 ಅಂಕ, ಕೊನೆಯ ದಿನ ದಾಟಿದರೆ ಅಷ್ಟೂ ಹೋಯಿತು. ಇನ್ನೊಂದು, ಸುಲಭ ಅಂತ ಚಿತ್ರಕಲೆ, ಗೃಹವಿಜ್ಞಾನ, ಡೇಟಾ ಎಂಟ್ರಿ ತಗೊಂಡು ಹತ್ತು ಪಾಸು ಮಾಡಿಬಿಡುವುದು. ಪಾಸು ಪಾಸೇ, ಆದರೆ ಪಿ.ಯು. ವಿಜ್ಞಾನಕ್ಕೆ ಹೋದಾಗ ಗಣಿತ, ವಿಜ್ಞಾನದ ಅಂಕ ಎಲ್ಲಿ ಅಂತ ಕೇಳುತ್ತಾರೆ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಈ ಐದನ್ನೇ ಇಟ್ಟುಕೊಳ್ಳಿ. ಆರನೆಯದು ಬೇಕಾದರೆ ಆಮೇಲೆ ಸೇರಿಸಬಹುದು.

ಮನಸ್ಸು ಬದಲಾದರೂ ದಾರಿ ಮುಚ್ಚಿರುವುದಿಲ್ಲ. ಅದೇ ಕಾಯ್ದೆಯ 4ನೇ ಕಲಂ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಸರ್ಕಾರಿ ಶಾಲೆಯಲ್ಲಿ ಇದು ಸಲೀಸು. ಖಾಸಗಿ ಶಾಲೆಗಳು ತಮ್ಮದೇ ಪರೀಕ್ಷೆ ಇಡುತ್ತವೆ.

ಉತ್ತರ 2: ಪುಟ್ಟಬಳಪ

ಮೇಲಿನವರು ದಾಖಲೆ ಬಗ್ಗೆ ಎಲ್ಲ ಬರೆದಿದ್ದಾರೆ. ನಾನು ಪಾಠದ ಬಗ್ಗೆ ಬರೆಯುತ್ತೇನೆ ಅಕ್ಕಾ. ಆ ಅಮೆರಿಕದ ಸೆಟ್ಟನ್ನು ಎಸೆಯಬೇಡಿ, ಆದರೆ ಅದೇ ಇಡೀ ಶಾಲೆ ಅಂದುಕೊಳ್ಳಬೇಡಿ.

ಇಟ್ಟುಕೊಳ್ಳಬೇಕಾದ್ದು: ಇಂಗ್ಲಿಷ್ ಫೋನಿಕ್ಸ್ (ಅಕ್ಷರದ ಉಚ್ಚಾರದಿಂದ ಓದು ಕಲಿಸುವ) ಕಾರ್ಡು, ಓದಿ ಹೇಳುವ ಕಥೆಗಳು, ಬೈಬಲ್ ಚಿತ್ರಗಳು. ಪಕ್ಕಕ್ಕಿಡಬೇಕಾದ್ದು: ಸಮಾಜ ಪಾಠ ಪೂರ್ತಿ, ಗಣಿತ ಹೆಚ್ಚುಕಡಿಮೆ ಪೂರ್ತಿ. ಗ್ರೇಡ್ 5 ಗಣಿತದಲ್ಲಿ ಇಂಚು, ಪೌಂಡು, ಗ್ಯಾಲನ್, ಫ್ಯಾರನ್‌ಹೀಟ್, ಡಾಲರು ಸೆಂಟು. ನಮ್ಮ ಮಗುವಿಗೆ ಬೇಕಾದ್ದು ಮೀಟರು, ಕಿಲೋ, ಲೀಟರು, ಸೆಲ್ಸಿಯಸ್. ಎಲ್ಲಕ್ಕಿಂತ ಹೆಚ್ಚಿನ ಗೊಂದಲ ಅಲ್ಪವಿರಾಮದಲ್ಲಿ: ಅವರು 100,000 ಬರೆಯುತ್ತಾರೆ, ನಾವು 1,00,000. ಎರಡನ್ನೂ ಒಟ್ಟಿಗೆ ಕಲಿತ ಮಗು ಐದಂಕಿ ದಾಟಿದ ಕೂಡಲೇ ಸಂಖ್ಯೆ ಓದಲು ತಡವರಿಸುತ್ತದೆ. ಲಕ್ಷ, ಕೋಟಿ ಗಟ್ಟಿಯಾದ ಮೇಲೆ, ಏಳನೇ ತರಗತಿ ಹೊತ್ತಿಗೆ ಮಿಲಿಯನ್ ಹೇಳಿಕೊಟ್ಟರೆ ಸಾಕು. ಇನ್ನೊಂದು ದೋಷ, ಆ ವರ್ಕ್‌ಬುಕ್ಕುಗಳಲ್ಲಿ ಬಿಟ್ಟ ಸ್ಥಳ ತುಂಬಿ ಅನ್ನುವುದೇ ಜಾಸ್ತಿ. ಮೂರು ವರ್ಷ ಅದನ್ನೇ ಮಾಡಿದ ಮಗುವಿಗೆ ಎಲ್ಲ ಗೊತ್ತಿರುತ್ತದೆ, ಆರು ಸಾಲಿನ ಉತ್ತರ ಬರೆಯಲು ಮಾತ್ರ ಕೈ ಏಳುವುದಿಲ್ಲ. ನಮ್ಮ ಬೋರ್ಡುಗಳಲ್ಲಿ ಅಂಕ ಬರುವುದೇ ಆ ಆರು ಸಾಲಿಗೆ.

ಬದಲಿಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಪಿ.ಡಿ.ಎಫ್. ರೂಪದಲ್ಲಿ ಪುಕ್ಕಟೆ ಸಿಗುತ್ತವೆ, ಎನ್.ಸಿ.ಇ.ಆರ್.ಟಿ.ಯವೂ ಹಾಗೇ. ಗಣಿತ, ಪರಿಸರ, ಕನ್ನಡ ಇವನ್ನು ಅಲ್ಲಿಂದ ತಗೊಳ್ಳಿ. ಪುಸ್ತಕದ ಕ್ಯೂಆರ್ ಕೋಡ್ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ತೆರೆಯುತ್ತದೆ.

ಈಗ ಕನ್ನಡ. ಮನೆಯಲ್ಲಿ ಕನ್ನಡವೇ ಮಾತಾಡುತ್ತೇವಲ್ಲ ಅಂತ ಬರವಣಿಗೆಯನ್ನು ಮುಂದೂಡಬೇಡಿ. ಇಂಗ್ಲಿಷ್ ಸೆಟ್ಟು ಹಿಡಿದ ಮನೆಗಳಲ್ಲಿ ಮೊದಲು ಸೊರಗುವುದು ಇದೇ. ಮಗನಿಗೆ ಅ ಆ ಇ ಈ ವರ್ಣಮಾಲೆ ಕ್ರಮದಲ್ಲಿ 49 ಅಕ್ಷರ ಮುಗಿಸಿ ಆಮೇಲೆ ಪದ ಅಂತ ಹೋದರೆ ತಿಂಗಳುಗಟ್ಟಲೆ ಓದುವುದಕ್ಕೆ ಏನೂ ಇರುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯ ಕ್ರಮ ಹಿಡಿಯಿರಿ. ಮೊದಲು ರ, ಗ, ಸ, ದ, ಅ. ಈ ಐದರಲ್ಲೇ ಸರ, ದರ, ಅರಸ, ಗರಗಸ ಆಗುತ್ತವೆ. ಮುಂದೆ ಜ, ವ, ಮ, ಬ, ನ. ಆಗ ಮರ, ವನ, ಜನ, ಬಸವ. ಎರಡನೇ ವಾರಕ್ಕೇ ಮಗು ಪದ ಓದುತ್ತಿರುತ್ತದೆ. ಒಂದೊಂದು ಅಕ್ಷರಕ್ಕೆ ದಪ್ಪ ರಟ್ಟಿನ ನಾಲ್ಕು ಚೀಟಿ ಮಾಡಿ, ಒಂದೇ ಅಕ್ಷರ ಎರಡು ಸಲ ಬರುವ ಪದ ಜೋಡಿಸಲು ಬೇಕಾಗುತ್ತದೆ. ಸರಳ ಪದ ಗಟ್ಟಿಯಾದ ಮೇಲೆ ಕಾಗುಣಿತ, ಒಂದು ಸ್ವರಚಿಹ್ನೆಗೆ ಒಂದು ವಾರ. ಒತ್ತಕ್ಷರ ಎರಡನೇ ವರ್ಷಕ್ಕೆ.

ಮಗಳಿಗೆ ವಾರಕ್ಕೆ ಮೂರು ದಿನ ಉಕ್ತಲೇಖನ. ಹಿಂದಿನ ದಿನ ಐದು ಸಾಲು ನೋಡಿ ಬರೆಯಬೇಕು, ಮರುದಿನ ಅದನ್ನೇ ಹೇಳಿ ಬರೆಸಿ. ತಪ್ಪನ್ನು ಸುಮ್ಮನೆ ಕೆಂಪು ಮಾಡದೆ ಬಗೆ ಬಗೆಯಾಗಿ ಎಣಿಸಿ: ಲ-ಳ, ನ-ಣ, ಅ-ಹ, ಮಹಾಪ್ರಾಣ, ದೀರ್ಘ, ಒತ್ತು. ಯಾವ ಗುಂಪಿನಲ್ಲಿ ಜಾಸ್ತಿಯೋ ಮುಂದಿನ ವಾರದ ಐದು ಸಾಲನ್ನು ಆ ಅಕ್ಷರಗಳು ತುಂಬಿರುವ ಕಡೆಯಿಂದ ಆರಿಸಿ. ಸತ್ಯವೇದದಿಂದ ಬರೆಸುವುದಾದರೆ ಮಾರ್ಕನ ಸುವಾರ್ತೆ ಅನುಕೂಲ, ಘಟನೆ ಚುರುಕಾಗಿ ಸಾಗುತ್ತದೆ. ಆದರೆ ಸತ್ಯವೇದದ ಕನ್ನಡ ಹಳೆಯ ಕಾಲದ್ದು. ಅದರಿಂದಷ್ಟೇ ಕಲಿತವರ ಪ್ರಬಂಧ ಪ್ರಸಂಗದ ಹಾಗೆ ಬರುತ್ತದೆ. ಕಥೆ, ಪತ್ರಿಕೆ, ಪಠ್ಯಪುಸ್ತಕ ಜೊತೆಗಿರಲಿ. ನಿಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯ) ಮಕ್ಕಳ ಪುಸ್ತಕ ಇರುತ್ತವೆ, ಇಬ್ಬರಿಗೂ ಸದಸ್ಯತ್ವ ಮಾಡಿಸಿ.

ಮೂವರನ್ನು ಸುಧಾರಿಸುವ ಪ್ರಶ್ನೆಗೂ ನಲಿ-ಕಲಿಯಲ್ಲೇ ಉತ್ತರ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗ ಅಲ್ಲಿದ್ದ ಸಮಸ್ಯೆಯೂ ಇದೇ, ಒಬ್ಬ ಮೇಷ್ಟ್ರು, ಬೇರೆ ಬೇರೆ ವಯಸ್ಸಿನ ಮಕ್ಕಳು. ಅಲ್ಲಿ ಮಕ್ಕಳನ್ನು ಐದು ತಟ್ಟೆಗಳಲ್ಲಿ ಕೂರಿಸುತ್ತಾರೆ: ಪೂರ್ತಿ ಶಿಕ್ಷಕರ ನೆರವು ಬೇಕಾದವರಿಂದ ಹಿಡಿದು ತಾವೇ ಕಲಿಯುವವರವರೆಗೆ. ಮನೆಗೆ ಮೂರು ಸಾಕು. ಅಮ್ಮ ಪಕ್ಕದಲ್ಲೇ ಇರಬೇಕಾದ ಕೆಲಸ, ಅಕ್ಕ ತಮ್ಮನಿಗೆ ಹೇಳಿಕೊಡುವ ಕೆಲಸ, ಒಬ್ಬರೇ ಮಾಡುವ ಕೆಲಸ. ಒಬ್ಬರಿಗೆ ಮೊದಲನೆಯದು ನಡೆಯುವಾಗ ಇನ್ನೊಬ್ಬರಿಗೆ ಮೂರನೆಯದು. ಇಬ್ಬರಿಗೂ ಒಂದೇ ಹೊತ್ತಿನಲ್ಲಿ ಹೊಸ ಗಣಿತ ಶುರು ಮಾಡಿದರೆ ಹತ್ತು ನಿಮಿಷದಲ್ಲಿ ಇಬ್ಬರೂ ಅಳುತ್ತಿರುತ್ತಾರೆ.

ಎರಡೂವರೆಯದು ಮಲಗುವ ಹೊತ್ತು ನಿಮಗೆ ಚಿನ್ನ. ಅದನ್ನು ಮಗಳ ಗಣಿತಕ್ಕೇ ಮೀಸಲಿಡಿ, ಭಿನ್ನರಾಶಿ, ಭಾಗಾಕಾರ ಅಡೆತಡೆ ಇಲ್ಲದೆ ನಡೆಯಬೇಕು. ಎಚ್ಚರ ಇದ್ದಾಗ ಅದಕ್ಕೊಂದು ಪಾಠದ ಡಬ್ಬಿ: ಮುಚ್ಚಳದ ಡಬ್ಬಗಳು, ಬಟ್ಟೆ ಕ್ಲಿಪ್ಪು, ಮರದ ತುಂಡು. ಪಾಠ ಮುಗಿದ ಕೂಡಲೇ ಡಬ್ಬಿ ಮೇಲೆ ಹೋಗಬೇಕು, ಇಡೀ ದಿನ ಕೈಯಲ್ಲಿದ್ದರೆ ಮರುದಿನಕ್ಕೆ ಬೇಡವಾಗುತ್ತದೆ. ಬೀಜ, ಮಣಿ ಅದರಲ್ಲಿ ಬೇಡ.

ಹೊತ್ತು: ಮಗನಿಗೆ 15-20 ನಿಮಿಷದ ತುಂಡುಗಳಾಗಿ ಒಟ್ಟು ಒಂದೂವರೆ ಗಂಟೆ ಕೂತು ಕಲಿತರೆ ಧಾರಾಳ. ಮಗಳಿಗೆ ಗಣಿತ 40 ನಿಮಿಷ, ಕನ್ನಡ 40, ಇಂಗ್ಲಿಷ್ 30, ವಿಜ್ಞಾನ ಅಥವಾ ಸಮಾಜ ದಿನ ಬಿಟ್ಟು ದಿನ 40. ಉಳಿದ ಹೊತ್ತು ಓದು, ಹೊಲಿಗೆ, ತೋಟ. ಮನೆಯನ್ನು 9ರಿಂದ 4ರ ಶಾಲೆ ಮಾಡಹೊರಟವರು ಎರಡನೇ ತಿಂಗಳಿಗೆ ಸುಸ್ತಾಗುತ್ತಾರೆ.

ಉತ್ತರ 3: ಕಡಲತೀರ_ಟೀಚರ್

ನಮ್ಮದು ಕಥೋಲಿಕ ಕಡೆ, ಆದರೂ ಸತ್ಯವೇದ ಪಾಠದ ವಿಷಯದಲ್ಲಿ ದಾರಿ ಹೆಚ್ಚುಕಡಿಮೆ ಒಂದೇ. ನೀವು ಇದನ್ನು ಮುಖ್ಯ ಕಾರಣ ಅಂದಿದ್ದೀರಿ, ಹಾಗಾಗಿ ಇದಕ್ಕೂ ಗಣಿತದಷ್ಟೇ ಯೋಜನೆ ಬೇಕು.

ಬಿಡಿ ವಚನ ಆರಿಸಿ ದಿನಕ್ಕೊಂದು ನೀತಿ ಹೇಳುವ ಬದಲು ಒಂದೊಂದು ಪುಸ್ತಕವನ್ನು ಮೊದಲಿನಿಂದ ಕೊನೆವರೆಗೆ ಓದಿ. ಮಾರ್ಕ 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯದಂತೆ, ವಾರಕ್ಕೆ ಐದು ದಿನ ಓದಿದರೆ ಏಳನೇ ವಾರದಲ್ಲಿ ಮುಗಿಯುತ್ತದೆ. ಆದಿಕಾಂಡ 50 ಅಧ್ಯಾಯ, ದಿನಕ್ಕೊಂದರಂತೆ ಹತ್ತು ವಾರ. ಚಿಕ್ಕವರಿಗೆ ಹೇಳಲಾಗದ ಭಾಗಗಳು ಅಲ್ಲಿವೆ, ಹಿಂದಿನ ರಾತ್ರಿ ನೀವೊಮ್ಮೆ ಓದಿ ಯಾವುದನ್ನು ಬಿಡಬೇಕೆಂದು ಗುರುತು ಹಾಕಿಡಿ. ನಡುವೆ ರೂತಳು, ನಾಲ್ಕೇ ಅಧ್ಯಾಯ, ಒಂದು ವಾರಕ್ಕೆ ಸರಿ. ಜ್ಞಾನೋಕ್ತಿಗಳು 31 ಅಧ್ಯಾಯ, ತಾರೀಖಿಗೊಂದರಂತೆ ರಾತ್ರಿಯ ಕುಟುಂಬ ಪ್ರಾರ್ಥನೆಗೆ ಇಟ್ಟುಕೊಳ್ಳಬಹುದು.

ಓದಿದ ಮೇಲೆ ಪ್ರಶ್ನೆ ಕೇಳಬೇಡಿ. ಪುಸ್ತಕ ಮುಚ್ಚಿ, ‘ಏನಾಯಿತು ಹೇಳು’ ಅಂತ ಬಿಟ್ಟುಬಿಡಿ. ಮೊದಲು ತಮ್ಮ ಹೇಳಲಿ, ಆಮೇಲೆ ಅಕ್ಕ ಬಿಟ್ಟದ್ದನ್ನು ಸೇರಿಸಲಿ. ಅಕ್ಕ ಮೊದಲು ಹೇಳಿದರೆ ತಮ್ಮನಿಗೆ ಉಳಿಯುವುದಿಲ್ಲ. ನಡುವೆ ತಿದ್ದಬೇಡಿ, ಪೂರ್ತಿ ಹೇಳಿದ ಮೇಲೆ ಒಂದು ತಪ್ಪು ತಿದ್ದಿದರೆ ಸಾಕು. ಮಗಳು ಇದನ್ನೇ ವಾರಕ್ಕೊಮ್ಮೆ ಎಂಟು ಸಾಲು ಬರೆದರೆ ಮೇಲೆ ಪುಟ್ಟಬಳಪ ಹೇಳಿದ ಆರು ಸಾಲಿನ ಉತ್ತರದ ಅಭ್ಯಾಸವೂ ಆಯಿತು.

ಕಂಠಪಾಠಕ್ಕೆ ಭಾಗಗಳು: ಕೀರ್ತನೆ 1 (6 ವಚನ), 23 (6), 100 (5), 121 (8), ಮತ್ತಾಯ 5ರ 3ರಿಂದ 12 (10), 1 ಕೊರಿಂಥ 13 (13). ಒಟ್ಟು 48, ವಾರಕ್ಕೊಂದರಂತೆ ಒಂದು ವರ್ಷದ ಕೆಲಸ. ಒಂದು ಚಪ್ಪಲಿ ಡಬ್ಬಿಯಲ್ಲಿ ಮೂರು ಖಾನೆ ಮಾಡಿ: ದಿನವೂ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ. ಹೊಸ ಚೀಟಿ ಮೊದಲ ಖಾನೆಯಲ್ಲಿ. ಐದು ದಿನ ತಡವರಿಸದೆ ಹೇಳಿದರೆ ಎರಡನೆಯದಕ್ಕೆ, ಅಲ್ಲಿ ನಾಲ್ಕು ವಾರ ನಿಂತರೆ ಮೂರನೆಯದಕ್ಕೆ, ಮರೆತರೆ ವಾಪಸ್ ಮೊದಲಿಗೆ. ಕಲಿತದ್ದೆಲ್ಲ ಆರು ತಿಂಗಳಲ್ಲಿ ಮರೆಯುವುದು ಈ ತಿರುವಿ ಹಾಕುವಿಕೆ ಇಲ್ಲದ್ದರಿಂದ. ಯಾವ ಭಾಷಾಂತರ ಅನ್ನುವುದನ್ನು ಮೊದಲೇ ನಿರ್ಧರಿಸಿ. ಮನೆಯಲ್ಲೊಂದು, ಭಾನುವಾರದ ಶಾಲೆಯಲ್ಲೊಂದು ಆದರೆ ಎರಡೂ ಬೆರೆತು ಯಾವುದೂ ಸರಿಯಾಗಿ ಬರುವುದಿಲ್ಲ. ಸಭೆಯಲ್ಲಿ ಓದುವುದನ್ನೇ ಇಟ್ಟುಕೊಳ್ಳಿ. ತಪ್ಪು ಮಾಡಿದ್ದಕ್ಕೆ ಶಿಕ್ಷೆಯಾಗಿ ವಚನ ಇಪ್ಪತ್ತು ಸಲ ಬರೆಸುವುದನ್ನು ಮಾತ್ರ ಯಾವತ್ತೂ ಮಾಡಬೇಡಿ. ಆ ವಚನವನ್ನು ಮಗು ಪ್ರೀತಿಸುವುದು ಅಲ್ಲಿಗೆ ನಿಂತಿತು.

ಮನೆಯಲ್ಲೇ ಎಲ್ಲ ಆಗುತ್ತದಲ್ಲ ಅಂತ ಭಾನುವಾರದ ಶಾಲೆ, ಬೇಸಿಗೆಯ ವಿ.ಬಿ.ಎಸ್. (ರಜೆಯ ಸತ್ಯವೇದ ಶಾಲೆ) ಬಿಡಿಸಬೇಡಿ. ನಮ್ಮಲ್ಲಾದರೆ ಮೊದಲ ಪರಮ ಪ್ರಸಾದಕ್ಕೂ ದೃಢೀಕರಣಕ್ಕೂ ಧರ್ಮಕೇಂದ್ರದ ಧರ್ಮೋಪದೇಶ ತರಗತಿಗೆ ಮಗು ಬಂದಿರಬೇಕೆಂದು ಗುರುಗಳು ನಿರೀಕ್ಷಿಸುತ್ತಾರೆ. ಜೊತೆಗೆ ಸಭೆಯ ಹೊರಗಿನ ಮಕ್ಕಳ ಸಹವಾಸವೂ ವಾರದಲ್ಲಿ ಎರಡು ಮೂರು ಸಂಜೆ ಇರಲೇಬೇಕು: ಮೈದಾನ, ಕರಾಟೆ, ಸಂಗೀತ, ಯಾವುದಾದರೂ. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಶಾಲೆಯ ಮೂಲಕವೇ ಹೋಗಬೇಕು, ಆ ಬಾಗಿಲು ನಿಮಗೆ ಮುಚ್ಚುತ್ತದೆ. ಕ್ಲಬ್ಬುಗಳ ದಾರಿ ತೆರೆದಿದೆ.

ವಿಜ್ಞಾನದ ಬಗ್ಗೆ ಒಂದು ಮಾತು. ವಿಕಾಸವಾದದ ಪಾಠ ಬಂದಾಗ ಪುಟ ಹಾರಿಸುವ ಮನೆಗಳಿವೆ. ಹಾರಿಸಬೇಡಿ. ಪಿ.ಯು. ಜೀವಶಾಸ್ತ್ರಕ್ಕೆ ಬಂದಾಗ ಅದು ಅಡಿಪಾಯ. ಆ ಸೆಟ್ಟಿನ ಗ್ರೇಡ್ 5 ವಿಜ್ಞಾನದಲ್ಲಿ ಅದರ ವಿರುದ್ಧ ಬರೆದಿರುವ ಸಾಧ್ಯತೆ ಇದೆ, ಮೊದಲೇ ಓದಿ ನೋಡಿ. ಸೃಷ್ಟಿಕರ್ತನನ್ನು ನಂಬುವವರೆಲ್ಲ ಅದನ್ನು ಅಲ್ಲಗಳೆಯುವುದಿಲ್ಲ. ಕಥೋಲಿಕ ಸಭೆಯಲ್ಲಿ 1950ರಲ್ಲೇ ಪೋಪ್ 12ನೇ ಪಿಯುಸ್ ಆ ಚರ್ಚೆಗೆ ಅವಕಾಶ ಕೊಟ್ಟಿದ್ದರು. ನಿಮ್ಮ ನಿಲುವು ಏನೇ ಇರಲಿ, ವಿಜ್ಞಾನ ಏನು ಹೇಳುತ್ತದೆ, ಯಾವ ಆಧಾರದಿಂದ ಹೇಳುತ್ತದೆ ಅನ್ನುವುದು ಮಗುವಿಗೆ ಸರಿಯಾಗಿ ಗೊತ್ತಿರಬೇಕು.

ಸಮಾಜ ಪಾಠಕ್ಕೆ ನಿಮ್ಮ ಊರಿನ ಸುತ್ತಲೇ ಸಾಮಗ್ರಿ ಇದೆ. 1792ರ ಮಂಜರಾಬಾದ್ ಕೋಟೆ ಎಂಟು ಮೂಲೆಯ ನಕ್ಷತ್ರ. ಮಗಳು ಕೋನಮಾಪಕದಿಂದ ಎಂಟು ಮೂಲೆಯ ನಕ್ಷತ್ರ ಬರೆದುಕೊಂಡು ಹೋದರೆ, 360ನ್ನು ಎಂಟರಿಂದ ಭಾಗಿಸಿದರೆ 45 ಅನ್ನುವುದು ಮರೆಯುವುದಿಲ್ಲ. ನಿಮ್ಮೂರಿನ ಹೇಮಾವತಿಯೇ ಮುಂದೆ ಗೊರೂರಿನಲ್ಲಿ ಅಣೆಕಟ್ಟಿಗೆ ಸಿಕ್ಕಿ ಶೆಟ್ಟಿಹಳ್ಳಿಯ ಇಗರ್ಜಿಯನ್ನು ಮುಳುಗಿಸುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ಹೊರಗೆ. ನದಿ, ಜಲಾಶಯ, ಪುನರ್ವಸತಿ, ಸಭೆಯ ಚರಿತ್ರೆ ಎಲ್ಲ ಒಂದೇ ಪ್ರವಾಸದಲ್ಲಿ. ಸಭಾಚರಿತ್ರೆ ಅಂದರೆ ಅಮೆರಿಕದ ಪುಸ್ತಕದಲ್ಲಿರುವುದಷ್ಟೇ ಅಲ್ಲ. 1831ರಲ್ಲಿ ಬಳ್ಳಾರಿಯಲ್ಲಿ ಪೂರ್ತಿಯಾದ ಕನ್ನಡ ಬೈಬಲ್, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, 1843ರ ಮಂಗಳೂರ ಸಮಾಚಾರ ಪತ್ರಿಕೆ, 1894ರ ಕಿಟ್ಟೆಲ್ ನಿಘಂಟು, ಇವು ನಿಮ್ಮ ಮಕ್ಕಳ ಸ್ವಂತ ಚರಿತ್ರೆ. ಗೋಡೆಗೆ ಉದ್ದ ಕಾಗದ ಅಂಟಿಸಿ, ಹತ್ತು ವರ್ಷಕ್ಕೆ ಹತ್ತು ಸೆಂಟಿಮೀಟರಿನಂತೆ ಕಾಲರೇಖೆ ಎಳೆದು ಅಲ್ಲಿ ಗುರುತಿಸಲಿ.

ಸಕಲೇಶಪುರ_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದ ಅಣ್ಣಾ, ಇನ್ನೊಂದು. ಮಗಳಿಗೆ ಇಂಜಿನಿಯರಿಂಗ್ ಆಸೆ ಅಂತ ಈಗಲೇ ಹೇಳುತ್ತಾಳೆ. ಸಿ.ಇ.ಟಿ.ಗೆ (ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ) ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕಂತೆ. ಮನೆಯಲ್ಲಿ ಓದಿದ್ದು ಲೆಕ್ಕಕ್ಕೆ ಬರುತ್ತದಾ?

ಉತ್ತರ 4: ಮುಕ್ತಶಾಲೆ_ಧಾರವಾಡ

ಬರುವುದಿಲ್ಲ ಸಿಸ್ಟರ್. ಒಳ್ಳೆಯ ಪ್ರಶ್ನೆ ಕೇಳಿದಿರಿ, ಬಹಳ ಜನ ಇದನ್ನು ಹದಿನೇಳನೇ ವಯಸ್ಸಿನಲ್ಲಿ ಕೇಳುತ್ತಾರೆ.

ಸಿ.ಇ.ಟಿ. ನಡೆಸುವ ಕೆ.ಇ.ಎ. (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಿಯಮದಲ್ಲಿ ಸಾಮಾನ್ಯವಾಗಿ ಎಲ್ಲರೂ ಹೋಗುವುದು ‘ಎ’ ಕಲಂನಲ್ಲಿ: 1ನೇ ತರಗತಿಯಿಂದ ದ್ವಿತೀಯ ಪಿ.ಯು.ವರೆಗೆ ರಾಜ್ಯದ ಮಾನ್ಯ ಸಂಸ್ಥೆಗಳಲ್ಲಿ ಕನಿಷ್ಠ ಏಳು ವರ್ಷ. ಮಗಳದು 1ರಿಂದ 4, ನಾಲ್ಕು ವರ್ಷ ಆಗಿದೆ. ಪಿ.ಯು. ಎರಡು ಸೇರಿದರೆ ಆರು. ಒಂದು ವರ್ಷ ಕಮ್ಮಿ. ಒಂಬತ್ತನೇ ತರಗತಿಗೆ ಶಾಲೆಗೆ ಸೇರಿಸಿ ಎಸ್.ಎಸ್.ಎಲ್.ಸಿ. ಬರೆಸಿದರೆ 4+2+2, ಎಂಟಾಗುತ್ತದೆ. ಮಗನಿಗೆ ಈ ಲೆಕ್ಕದಲ್ಲಿ ಸೊನ್ನೆ, ಅವನು ಆರನೇ ತರಗತಿಗಾದರೂ ಸೇರಬೇಕು.

ಇನ್ನೊಂದು ದಾರಿ ‘ಬಿ’ ಕಲಂ: ಮಗು ಎರಡೂ ವರ್ಷದ ಪಿ.ಯು.ವನ್ನು ರಾಜ್ಯದೊಳಗಿನ ಮಾನ್ಯ ಕಾಲೇಜಿನಲ್ಲಿ ಓದಿ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ನೀವಿಬ್ಬರೂ ಇಲ್ಲೇ ಓದಿದವರಾದರೆ ಇಬ್ಬರು ಮಕ್ಕಳಿಗೂ ಇದು ಅನ್ವಯಿಸುತ್ತದೆ. ಅದಕ್ಕೆ ನಿಮ್ಮ ಹಳೆಯ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದು ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಹಾಕಿಸಬೇಕು. ಶಾಲೆ ಮುಚ್ಚಿಹೋದರೆ ದಾಖಲೆ ಹುಡುಕುವುದು ದೊಡ್ಡ ಅಲೆದಾಟ, ಹಾಗಾಗಿ ಈ ವರ್ಷವೇ ಮಾಡಿಸಿಡಿ. ಮಗಳ ನಾಲ್ಕು ವರ್ಷದ್ದನ್ನೂ ಟಿ.ಸಿ. ಜೊತೆಗೇ ತಗೊಳ್ಳಿ. ನಿಯಮದ ಪದಗಳು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ಇರುತ್ತವೆ, ಒಂಬತ್ತನೇ ತರಗತಿಯ ವಯಸ್ಸಿಗೆ ಮತ್ತೊಮ್ಮೆ ಓದಿ.

ತಪ್ಪಿಹೋಗುವ ಸೌಲಭ್ಯವೂ ಒಂದಿದೆ. ಗ್ರಾಮೀಣ ಮೀಸಲಾತಿಗೆ 1ರಿಂದ 10ರವರೆಗೆ ಪೂರ್ತಿ ಗ್ರಾಮೀಣ ಶಾಲೆಯಲ್ಲಿ ಓದಿರಬೇಕು, ಕನ್ನಡ ಮಾಧ್ಯಮದ್ದಕ್ಕೂ ಹತ್ತು ವರ್ಷ. ಮನೆಯಲ್ಲಿ ಓದಿಸಿದರೆ ಎರಡೂ ಇಲ್ಲ. ಮಗನನ್ನು ಹಳ್ಳಿಯ ಕನ್ನಡ ಶಾಲೆಗೆ ಹಾಕಿದ್ದರೆ ಅವನಿಗೆ ಎರಡೂ ಸಿಗುತ್ತಿದ್ದವು. ಇದನ್ನು ತೂಗಿ ನೋಡಿಯೇ ತೀರ್ಮಾನ ಮಾಡಿ. ಜೆ.ಇ.ಇ. ಮೇನ್‌ಗೆ, ಕಾಮೆಡ್‌-ಕೆಗೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ) ಈ ಏಳು ವರ್ಷದ ಷರತ್ತಿಲ್ಲ.

ಎನ್.ಐ.ಒ.ಎಸ್.ನಿಂದಲೇ ಹತ್ತು ಮುಗಿಸಿ ಪಿ.ಯು. ಸೇರಿಸುವುದಾದರೆ ಪರೀಕ್ಷೆಯ ಕಾಲ ನೋಡಿಕೊಳ್ಳಿ. ಏಪ್ರಿಲ್‌-ಮೇಯಲ್ಲಿ ಬರೆದರೆ ಫಲಿತಾಂಶ ಬರುವಷ್ಟರಲ್ಲಿ ಎಸ್.ಎಸ್.ಎಲ್.ಸಿ. ಮಕ್ಕಳು ಒಳ್ಳೆಯ ಕಾಲೇಜುಗಳ ಸೀಟು ತುಂಬಿರುತ್ತಾರೆ. ಅದರ ಹಿಂದಿನ ಅಕ್ಟೋಬರ್‌-ನವೆಂಬರ್‌ಗೆ ಐದೂ ವಿಷಯ ಮುಗಿಯುವ ಹಾಗೆ ನೋಂದಾಯಿಸಿ. ಒಂದೆರಡು ಉಳಿದರೂ ಏಪ್ರಿಲ್ ಕೈಯಲ್ಲಿರುತ್ತದೆ. ಬೇರೆ ಬೋರ್ಡಿನಿಂದ ಬರುವವರಿಗೆ ವಲಸೆ ಪ್ರಮಾಣಪತ್ರವೂ ಪಿ.ಯು. ಇಲಾಖೆಯ ಅರ್ಹತಾ ಪತ್ರವೂ ಬೇಕು. ವಲಸೆ ಪ್ರಮಾಣಪತ್ರದ ಮೂಲಪ್ರತಿಯನ್ನು ಕಾಲೇಜಿಗೆ ಕೊಡುವ ಮೊದಲು ಬಣ್ಣದ ನಕಲು ತೆಗೆದಿಡಿ.

ಉತ್ತರ 5: ಪುಟ್ಟಬಳಪ

ಅಕ್ಕಾ, ಮಗನ ವಿಷಯದಲ್ಲಿ ಒಂದು ಸಲಹೆ. ಅವನು ಇನ್ನೂ ಚಿಕ್ಕವನು, ನಿರ್ಧಾರಕ್ಕೆ ಅವಸರ ಇಲ್ಲ. ಮೊದಲ ವರ್ಷ ಮನೆಯಲ್ಲಿ ಮೇಲಿನ ಕ್ರಮದಲ್ಲಿ ಓದಿಸಿ, ಬರುವ ಮಾರ್ಚಿನಲ್ಲಿ ಮೂರು ವಿಷಯ ನೋಡಿ: ಕಾಗುಣಿತದ ಪದಗಳಿರುವ ಹತ್ತು ಸಾಲಿನ ಕಥೆ ತಾನೇ ಓದುತ್ತಾನಾ, ಎರಡಂಕಿಯ ಕೂಡುವ ಲೆಕ್ಕದಲ್ಲಿ ದಶಕವನ್ನು ಹುಣಸೆ ಬೀಜದ ಕಟ್ಟುಗಳಿಂದ ತೋರಿಸುತ್ತಾನಾ, ಕೇಳಿದ ಕಥೆಯನ್ನು ಕ್ರಮ ತಪ್ಪದೆ ಹೇಳುತ್ತಾನಾ. ಮೂರೂ ಆದರೆ ಮನೆಯಲ್ಲೇ ಮುಂದುವರಿಸಿ. ಓದು ಮಾತ್ರ ಬರದಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಶಾಲೆಯಲ್ಲಾದರೆ ಆರೋಗ್ಯ ತಪಾಸಣೆಗೆ ತಂಡ ಬರುತ್ತದೆ. ಮನೆಯಲ್ಲಿ ಓದುವ ಮಕ್ಕಳಿಗೆ ಅದು ತಪ್ಪುತ್ತದೆ, ವರ್ಷಕ್ಕೊಮ್ಮೆ ನೀವೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆ ಚೀಟಿಯನ್ನೂ ಅದೇ ಫೈಲಿನಲ್ಲಿಡಿ.